ನೌಸಾದರ ಮತ್ತು ರಂಜಕದ ಉಂಗುರ

ಭಾಲ್ಕಿಯಿಂದ ಬೀದರಿಗೆ ಹೋದಾಗಲೆಲ್ಲ ನಮ್ಮ ತಂದೆಯವರು ಬಿದ್ರಿ ಕೆಲಸದ ಮುದುಕರೊಬ್ಬರ ಅಂಗಡಿಯಲ್ಲಿ ತಪ್ಪದೆ ಕುಳಿತುಕೊಳ್ಳುತ್ತಿದ್ದರು. ಅವರಿಬ್ಬರ ಮಾತು ಮುಗಿಯುವವರೆಗೆ ನಾನು ಒಳಗಿನ ಒಲೆಯ ಬಳಿ ನಿಂತು, ಅಲ್ಪ ತಾಮ್ರ ಬೆರೆತ ಸತುವಿನ ಹೂಜಿಯನ್ನು ಕಾಯಿಸಿ, ಕೋಟೆಯೊಳಗೆ ಮಳೆಬಿಸಿಲು ಕಾಣದ ಮೂಲೆಯಿಂದ ತಂದ ಮಣ್ಣನ್ನೂ ನೌಸಾದರವನ್ನೂ ಕಲಸಿ ಬಳಿದೊಡನೆ ಅದು ಕಾಡಿಗೆಯಂತೆ ಕಪ್ಪಾಗುವುದನ್ನೂ, ಮೈಮೇಲಿನ ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆಯೇ ಉಳಿಯುವುದನ್ನೂ ನೋಡುತ್ತಿದ್ದೆನು. ಮಣ್ಣನ್ನು ಆರಿಸುವಾಗ ಅವರು ಒಂದು ಚಿಟಿಕೆಯನ್ನು ನಾಲಗೆಗೆ ಹಚ್ಚಿ ನೋಡುತ್ತಿದ್ದರು. “ನಾಲಗಿಗಿ ಹತ್ತಬೇಕು ತಮ್ಮಾ, ಹತ್ತಲಿಲ್ಲಂದ್ರ ಕರೀ ಬರಂಗಿಲ್ಲ” ಎಂದು ಒಮ್ಮೆ ನನಗೆ ಹೇಳಿದ್ದರು.

1973ರಲ್ಲಿ ನಾನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಲೆಗೆ ಸಹಾಯಕನಾಗಿ ಸೇರಿದಾಗ, ಒಣಗಿಸಿ ಪುಡಿಮಾಡಲೆಂದು ನನ್ನ ಕೈಗೆ ಮೊದಲು ಕೊಟ್ಟ ಸೀಸೆಯಲ್ಲಿದ್ದುದು ಅದೇ ನೌಸಾದರ, ಪುಸ್ತಕದ ಹೆಸರಿನಲ್ಲಿ ಅಮೋನಿಯಮ್ ಕ್ಲೋರೈಡ್. ಪ್ರೊಫೆಸರ್ ಎ. ಆರ್. ವಾಸುದೇವಮೂರ್ತಿಯವರೂ ಎಸ್. ಎಸ್. ಕೃಷ್ಣಮೂರ್ತಿಯವರೂ ಲಂಡನ್ನಿನ ಆರ್. ಎ. ಶಾ ಅವರೊಡಗೂಡಿ ರಂಜಕ ಮತ್ತು ಸಾರಜನಕ ಒಂದರ ಪಕ್ಕದಲ್ಲೊಂದು ಕೈಹಿಡಿದು ನಿಂತ ಉಂಗುರಗಳನ್ನು ಅಭ್ಯಸಿಸುತ್ತಿದ್ದ ಕಾಲವದು. ಈ ವಸ್ತುವನ್ನು ಲೀಬಿಗ್ ಮತ್ತು ವೋಲರ್ 1834ರಲ್ಲಿಯೇ ಕಂಡಿದ್ದರು. ಅದು ಉಂಗುರವಿರಬೇಕೆಂದು ಅಮೆರಿಕದ ಸ್ಟೋಕ್ಸ್ ಆ ಶತಮಾನದ ಕೊನೆಯಲ್ಲಿ ಊಹಿಸಿದ್ದನು.

ಉಂಗುರವನ್ನು ಕಟ್ಟಲು ರಂಜಕದ ಪೆಂಟಾಕ್ಲೋರೈಡನ್ನೂ ನೌಸಾದರವನ್ನೂ ಟೆಟ್ರಾಕ್ಲೋರೊಈಥೇನಿನಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸಬೇಕು. ಮೂರು ರಂಜಕ, ಮೂರು ಸಾರಜನಕದ ಒಂದು ಉಂಗುರ ಮುಚ್ಚಿಕೊಳ್ಳುವಷ್ಟರಲ್ಲಿ ಹನ್ನೆರಡು ಅಣು ಹೈಡ್ರೊಜನ್ ಕ್ಲೋರೈಡು ಹೊರಬೀಳುತ್ತದೆ. ನೀಲಿ ಲಿಟ್ಮಸ್ ಚೀಟಿ ಕೆಂಪಾಗುವುದು ನಿಂತಿತೆಂದರೆ ಅಡುಗೆ ಆಯಿತೆಂದು ಲೆಕ್ಕ. ಮಳೆಗಾಲದಲ್ಲಿ ಈ ಕೆಲಸ ಬಹಳ ಕಷ್ಟದ್ದು, ಏಕೆಂದರೆ ಪೆಂಟಾಕ್ಲೋರೈಡಿನ ಸೀಸೆಯ ಮುಚ್ಚಳ ತೆಗೆದೊಡನೆ ಗಾಳಿಯ ತೇವಕ್ಕೆ ಬಿಳಿಯ ಹೊಗೆ ಏಳುತ್ತಿದ್ದಿತು. ಬಂದ ಹರಳುಗಳಲ್ಲಿ ಮೂರರ ಉಂಗುರದೊಡನೆ ನಾಲ್ಕರದೂ ಬೆರೆತಿರುತ್ತಿದ್ದುದರಿಂದ, ಪೆಟ್ರೋಲಿಯಮ್ ಈಥರಿನಲ್ಲಿ ಕರಗಿಸಿ, ತಣಿಸಿ, ಸೋಸಿ, ಮತ್ತೆ ಕರಗಿಸಿ, ನಿರ್ವಾತದಲ್ಲಿ ಮೆಲ್ಲನೆ ಆವಿಯಾಗಿಸಿ, ತಣ್ಣನೆಯ ಗಾಜಿನ ಮೇಲೆ ಸೂಜಿಮಲ್ಲಿಗೆಯ ಎಸಳಿನಂತೆ ಕೂಡುತ್ತಿದ್ದ ಹರಳುಗಳನ್ನು ಕೆರೆದು ತೆಗೆದು, 113 ಡಿಗ್ರಿಯ ಸುಮಾರಿಗೆ ಚೊಕ್ಕವಾಗಿ ಕರಗುತ್ತವೆಯೋ ಇಲ್ಲವೋ ಎಂದು ಕಣ್ಣು ಕೀಲಿಸಿ ಕುಳಿತರೆ ವಾರವೇ ಕಳೆಯುತ್ತಿದ್ದಿತು. ಆ ವಾರಗಳು ವ್ಯರ್ಥವಾದುವೆಂದು ನನಗೆ ಎಂದೂ ಅನ್ನಿಸಿಲ್ಲ.

ನಾಲ್ಕರ ಉಂಗುರಕ್ಕೆ ಈಥೈಲಮೀನಿನಂಥ ಅಮೀನುಗಳನ್ನು ಕೂಡಿಸಿದಾಗ, ನಿರೀಕ್ಷಿಸಿದ ವಸ್ತುವಿನ ಜೊತೆಗೆ, ಉಂಗುರದ ಒಂದು ಬದಿಯ ರಂಜಕದಿಂದ ಎದುರು ಬದಿಯದಕ್ಕೆ ಸಾರಜನಕದ ಸೇತುವೆ ಬಿದ್ದ ಇಮ್ಮಡಿ ಉಂಗುರವೂ ಹುಟ್ಟಿತು. 1975ರಲ್ಲಿ ಎಕ್ಸ್-ಕಿರಣಗಳು ಅದರ ಆಕಾರವನ್ನು ಸ್ಥಿರಪಡಿಸಿದ ಸುದ್ದಿ ಪ್ರಕಟವಾದ ದಿನಗಳಲ್ಲಿ ನಮ್ಮ ಕೊಠಡಿಗೆ ಹಬ್ಬದ ಕಳೆಯಿದ್ದಿತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸಂಸ್ಥೆಗೆ, ಅಣುವಿನೊಳಗಿನ ಪರಮಾಣುಗಳ ಗುರುತನ್ನು ಗೆರೆಗಳಾಗಿ ಬರೆದು ತೋರಿಸುವ 270 ಮೆಗಾಹರ್ಟ್ಸಿನ ಎನ್‌ಎಮ್‌ಆರ್ ಯಂತ್ರ ಬಂದಿತು. ರಂಜಕಾಮ್ಲದ ಗೆರೆಯನ್ನು ಸೊನ್ನೆಯೆಂದು ಹಿಡಿದರೆ, ಮೂರರ ಉಂಗುರದ ಗೆರೆ ಇಪ್ಪತ್ತರ ಬಳಿಯಲ್ಲಿಯೂ ನಾಲ್ಕರದು ಸೊನ್ನೆಯಿಂದ ಆಚೆಗೆ ಆರೇಳರ ಬಳಿಯಲ್ಲಿಯೂ ಕಾಗದದ ಮೇಲೆ ನೆಟ್ಟಗೆ ನಿಲ್ಲುತ್ತಿದ್ದುವು. ನಿಸರ್ಗದಲ್ಲಿರುವ ರಂಜಕವೆಲ್ಲವೂ ಒಂದೇ ಬಗೆಯ ಪರಮಾಣುವಾದ್ದರಿಂದ ಯಾವ ಉಂಗುರವೂ ಈ ಯಂತ್ರಕ್ಕೆ ಮರೆಯಾಗಿರುವಂತಿಲ್ಲ. ಒಂದು ವಾರದ ಸಂದೇಹ ಒಂದು ಗಳಿಗೆಯಲ್ಲಿ ಪರಿಹಾರವಾಯಿತು. ಆಮೇಲೆ ಬಂದ ವಿದ್ಯಾರ್ಥಿಗಳು ಹರಳನ್ನು ನೋಡುವುದಕ್ಕೆ ಮೊದಲು ಗೆರೆಯನ್ನು ನೋಡಿದರು. ಅವರು ನಮಗಿಂತ ಬಹು ದೂರ ಕಂಡರೆಂಬುದು ನಿಜ, ಎರಡು ಬಗೆಯ ಹರಳುಗಳನ್ನು ಅಂಗೈಯ ಮೇಲಿಟ್ಟು ಹೋಲಿಸುವ ಸುಖ ಅವರಿಗೆ ದೊರೆಯಲಿಲ್ಲವೆಂಬುದೂ ನಿಜ.

ಎಂಬತ್ತರ ದಶಕದಲ್ಲಿ ಪ್ರಶ್ನೆಯೇ ಬದಲಾಯಿತು. ಉಂಗುರವನ್ನು ಹೇಗೆ ಕಟ್ಟುವುದೆಂಬ ವಿಚಾರ ಹಿಂದಕ್ಕೆ ಸರಿದು, ಕಟ್ಟಿದ ಉಂಗುರ ಯಾವ ಲೋಹವನ್ನು ಹಿಡಿಯಬಲ್ಲುದೆಂಬ ವಿಚಾರ ಮುಂದಕ್ಕೆ ಬಂದಿತು. ಕ್ಲೋರಿನ್ ತುಂಬಿದ ಉಂಗುರದಲ್ಲಿ ಸಾರಜನಕದ ಇಲೆಕ್ಟ್ರಾನುಗಳನ್ನು ಕ್ಲೋರಿನ್ನೇ ತನ್ನತ್ತ ಎಳೆದುಕೊಳ್ಳುವುದರಿಂದ ಲೋಹಕ್ಕೆ ಕೊಡಲು ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮಲ್ಲಿಯೇ ಡಾಕ್ಟರೇಟ್ ಪಡೆದು ಕಾನ್ಪುರಕ್ಕೆ ಹೋದ ವಿ. ಚಂದ್ರಶೇಖರ್ ಅವರು ಕ್ಲೋರಿನ್ನಿನ ಸ್ಥಾನದಲ್ಲಿ ಪೈರಜೋಲ್ ಗುಂಪುಗಳನ್ನು ಕೂಡಿಸಿ ತಾಮ್ರವನ್ನು ಹಿಡಿದರು. ಎರಡು ರಂಜಕ, ಎರಡು ಸಾರಜನಕದ ಚೌಕಾಕಾರದ ಉಂಗುರಗಳದು ಇನ್ನೊಂದು ರೀತಿ: ಅಲ್ಲಿ ರಂಜಕದಲ್ಲಿಯೇ ಒಂದು ಜೊತೆ ಇಲೆಕ್ಟ್ರಾನು ಬಿಡುವಾಗಿರುವುದರಿಂದ ಮಾಲಿಬ್ಡಿನಮ್, ಪಲ್ಲಾಡಿಯಮ್ಮುಗಳು ಸುಲಭವಾಗಿ ಬಂದು ಸೇರುತ್ತವೆ. ನಮ್ಮ ವಿಭಾಗದಿಂದಲೇ ಮುಂಬಯಿಗೆ ಹೋದ ಎಂ. ಎಸ್. ಬಾಲಕೃಷ್ಣ ಅವರು ಕೃಷ್ಣಮೂರ್ತಿಯವರೇ ಮೊದಲಾದವರೊಡನೆ 1994ರಲ್ಲಿ ಪ್ರಕಟಿಸಿದ ದೀರ್ಘ ಸಮೀಕ್ಷೆಯನ್ನು ನಾನು ಪ್ರಯೋಗದ ಮೇಜಿನ ಪಕ್ಕದಲ್ಲಿಯೇ ಇಟ್ಟುಕೊಂಡಿರುತ್ತಿದ್ದೆನು. ನಾವು ಚಮಚೆಯಿಂದ ಕೆರೆದು ತೆಗೆಯುತ್ತಿದ್ದ ಪುಡಿಗಳ ಸಂತತಿ ಅಷ್ಟು ಬೆಳೆದಿತ್ತೆಂಬುದು ನನಗೆ ಈಗಲೂ ಸಂತೋಷದ ಸಂಗತಿ.

ನಿವೃತ್ತನಾಗಿ ಭಾಲ್ಕಿಗೆ ಮರಳಿದ ಮೇಲೆ ಒಂದು ದಿನ ಬೀದರಿನ ಆ ಅಂಗಡಿಗೆ ಹೋದೆನು. ಮುದುಕರು ಇರಲಿಲ್ಲ; ಅವರ ಮೊಮ್ಮಗ ಒಲೆಯ ಮುಂದೆ ಕುಳಿತಿದ್ದನು. ನೌಸಾದರ ಸತುವನ್ನು ತಿಂದು ತಾಮ್ರವನ್ನು ಮೇಲಕ್ಕೆ ಉಳಿಸುತ್ತದೆ, ಆ ತಾಮ್ರವೇ ಕಪ್ಪಾಗುವುದು ಎಂದು ನಾನು ವಿವರಿಸಿದೆನು. ಅವನು ಕೊನೆಯವರೆಗೂ ಗಮನವಿಟ್ಟು ಕೇಳಿ, ಡಬ್ಬಿಯಿಂದ ಕೋಟೆಯ ಮಣ್ಣನ್ನು ಒಂದು ಚಿಟಿಕೆ ತೆಗೆದು ನನ್ನ ಅಂಗೈಯಲ್ಲಿ ಹಾಕಿ, “ನೋಡ್ರಿ ಸಾಹೇಬ್ರ” ಎಂದನು. ನಾಲಗೆಗೆ ಹಚ್ಚಿಕೊಂಡೆನು, ಹತ್ತಿತು.