ರಾಮನಗರದ ಅಂಚಿಗೆ ಬಂದ ಜಿಂಕೆಗಳು

ಬೆಳಗಾವಿಯಿಂದ ಗೋವಾಕ್ಕೆ ಹೋಗುವವರಿಗೆ ರಾಮನಗರವೆಂದರೆ ಲೋಂಡಾ ದಾಟಿದ ಮೇಲೆ, ಅನಮೋಡ ಘಟ್ಟ ಹಿಡಿಯುವ ಮುಂಚೆ ಚಹಾಕ್ಕೆ ನಿಲ್ಲುವ ಊರು. ಇದಕ್ಕೆ ಕೋಟೆಯಿಲ್ಲ, ಸ್ಥಳಪುರಾಣವಿಲ್ಲ. ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ, ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ಸೂಪಾ ಪೇಟೆ ಮುಳುಗಿತು, ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ನೆಲ ಕಳೆದುಕೊಂಡ ಅನೇಕ ಕುಟುಂಬಗಳು ಇಲ್ಲಿಗೆ ಬಂದವು, ನಮ್ಮದೂ ಬಂತು. ಕಾಡು ಸವರಿ ಗೆರೆ ಹಾಕಿ ಕೊಟ್ಟ ಜಾಗ. ಕಡಿದ ಮರಗಳ ಬುಡಗಳು ನಮ್ಮ ಅಂಗಳದಲ್ಲೇ ಎಷ್ಟೋ ಮಳೆಗಾಲ ಚಿಗುರುತ್ತಿದ್ದವು.

ಇಂಥ ಊರಿನಲ್ಲಿ ಜಿಂಕೆ ಕಂಡರೆ ಸೋಜಿಗವೇನು ಎಂದು ಹೊರಗಿನವರು ಕೇಳುತ್ತಾರೆ. ಸೋಜಿಗವಿದೆ. ನನ್ನ ಹರೆಯವೆಲ್ಲ ಇಲ್ಲೇ ಕಳೆದರೂ ಊರ ಬಳಿ ಹಗಲು ಬೆಳಕಿನಲ್ಲಿ ಬದುಕಿರುವ ಜಿಂಕೆಯನ್ನು ಕಂಡ ನೆನಪಿಲ್ಲ. ಕಂಡದ್ದು ಮಾಂಸ, ಚರ್ಮ, ಗೋಡೆಗೆ ಹೊಡೆದ ಕೊಂಬು.

ಮುಳುಗಿದ ಊರಿನಲ್ಲೂ ಜಿಂಕೆಯ ಪರಿಚಯ ರಾತ್ರಿಯದೇ. ಭತ್ತದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಗದ್ದೆಯ ಮಾಳದ ಮೇಲೆ ಅಪ್ಪನ ಜೊತೆ ಮಲಗುತ್ತಿದ್ದೆ. ಕೆಳಗೆ ಬೆಂಕಿ, ಕೈಗೆ ಸಿಗುವಂತೆ ಡಬ್ಬಿ ಮತ್ತು ಕೋಲು. ನಾವು ಮೇರು ಅನ್ನುವ ಕಡವೆ ನೀರು ದಾಟಿ ಬರುವ ಸದ್ದು ಅಪ್ಪನಿಗೆ ನಿದ್ದೆಯಲ್ಲೂ ತಿಳಿಯುತ್ತಿತ್ತು. ಒಂದೇ ಕಡವೆ ಒಂದೇ ರಾತ್ರಿಯಲ್ಲಿ ಮನೆಯ ತಿಂಗಳ ಅನ್ನವನ್ನು ಮೇದು, ತುಳಿದು ಹೋಗಬಲ್ಲದು. ಅಲ್ಲಿಯವರು ಕೋವಿ ಹಿಡಿದದ್ದನ್ನು ನಾನು ಇಂದಿನ ಕಣ್ಣಿನಿಂದ ತೂಗಲಾರೆ. ಶಿಗ್ಮೋ ಹಬ್ಬದ ಹೊತ್ತಿಗೆ ಊರೇ ಸೇರಿ ಸೋವು ಬೇಟೆಗೆ ಹೋಗುತ್ತಿತ್ತು. ಗುಂಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ನಾಯಿಗಳಿಗೊಂದು ಪಾಲು, ಗಂಡಸಿಲ್ಲದ ಮನೆಗೂ ಪಾಲು. ಮಾರುವ ಮಾತೇ ಇರಲಿಲ್ಲ.

ಮಾರಾಟ ನೋಡಿದ್ದು ರಾಮನಗರಕ್ಕೆ ಬಂದ ಮೇಲೆ. ಇದು ಹೆದ್ದಾರಿಯ ಊರು. ರಾತ್ರಿ ಜೀಪುಗಳು ಬರುತ್ತಿದ್ದವು. ಹೆಡ್‌ಲೈಟಿಗೆ ಜಿಂಕೆಯ ಕಣ್ಣು ಹೊಳೆದು ಅದು ಅಲ್ಲೇ ನಿಂತುಬಿಡುತ್ತದೆ, ನಿಂತ ಪ್ರಾಣಿಗೆ ಗುಂಡು ಹೊಡೆಯಲು ಬೇಟೆಗಾರನೇ ಆಗಬೇಕಿಲ್ಲ. ಬೆಳಗಾಗುವುದರೊಳಗೆ ಎಲೆಯಲ್ಲಿ ಕಟ್ಟಿದ ಮಾಂಸ ಲಾರಿ ಹತ್ತುತ್ತಿತ್ತು. ಉರುಳು ಹಾಕುವವರು ಬೇರೆ. ಬ್ರೇಕಿನ ತಂತಿ ಬಿಚ್ಚಿ ಉರುಳು ಮಾಡಿ ಕಾಡುಕುರಿ ಹಾಯುವ ದಾರಿಯಲ್ಲಿ ಬಿಗಿಯುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿತ್ತು. ನಮ್ಮ ಕಡೆ ಅದರ ಬಿಸಿ ತಟ್ಟಿದ್ದು ಬಹಳ ತಡವಾಗಿ.

ಆಮೇಲೆ ನಾನು ಪತ್ರಿಕೆಯ ಏಜೆಂಟನಾದೆ, ಜೊತೆಗೆ ಬಾತ್ಮೀದಾರನೂ ಆದೆ. ನಸುಕಿನ ಬಸ್ಸು ಬಂಡಲ್ ಇಳಿಸುವ ಮುಂಚೆ ಸ್ಟ್ಯಾಂಡಿನಲ್ಲಿರಬೇಕು. ಕನ್ನಡದ ಬಂಡಲ್, ಮರಾಠಿಯ ಬಂಡಲ್ ಬಿಚ್ಚಿ, ಎಣಿಸಿ, ಸೈಕಲ್ಲಿಗೆ ಹಾಕಿಕೊಂಡು ಹೊರಡುವುದು. ಸಂಜೆ ಒಂದು ಹಾಳೆಯಲ್ಲಿ ಊರ ಸುದ್ದಿ ಬರೆದು ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು. ಆಗಿನ ನನ್ನ ಸುದ್ದಿಗಳಲ್ಲಿ ಲಾರಿ ಅಪಘಾತಗಳಿದ್ದವು, ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆದ ಸಂಭ್ರಮವಿತ್ತು, ವರ್ಷಕ್ಕೊಮ್ಮೆ ತಪ್ಪದೆ ಕುಡಿಯುವ ನೀರಿನ ಗೋಳಿತ್ತು. ಅಷ್ಟು ದೊಡ್ಡ ಜಲಾಶಯಕ್ಕೆ ಊರು ಬಿಟ್ಟುಕೊಟ್ಟವರು ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದನ್ನು ಬರೆಯುವಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಜಿಂಕೆಯ ಸುದ್ದಿ ಬರೆದದ್ದೇ ಇಲ್ಲ. ಸತ್ತ ಜಿಂಕೆ ಸುದ್ದಿ ಅಂತ ಯಾರಿಗೂ ಅನಿಸುತ್ತಿರಲಿಲ್ಲ, ಬದುಕಿದ್ದು ಕಾಣುತ್ತಿರಲಿಲ್ಲ.

ಈ ಕಾಡಿಗೆ ರಕ್ಷಣೆಯ ಹೆಸರು ಹಂತ ಹಂತವಾಗಿ ಬಂತು. ದಾಂಡೇಲಿ ಅಭಯಾರಣ್ಯ 1956ರದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹೆಸರಿಗಿಂತ ನಾನು ಗಮನಿಸಿದ್ದು 2007ರ ನಂತರ ಕಾಡಿನೊಳಗೆ ಎದ್ದ ಬೇಟೆ ತಡೆ ಶಿಬಿರಗಳನ್ನು. ಮಳೆಗಾಲದಲ್ಲಿ ಉಂಬಳದ ನಡುವೆ ದಿನವೂ ಗಸ್ತು ನಡೆಯುವ ಆ ಹುಡುಗರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರೇ, ದಿನಗೂಲಿಯವರು. ಅವರ ಕಾಲಿನಿಂದ ಉಳಿದ ಪ್ರಾಣಿಗಳಿಗೆ ಲೆಕ್ಕವಿಲ್ಲ. ಅವರ ಬಗ್ಗೆ ಪತ್ರಿಕೆಗಳು, ನನ್ನದೂ ಸೇರಿ, ಬರೆದದ್ದು ಕಡಿಮೆ.

ದುಡಿಮೆಯೂ ಬದಲಾಯಿತು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಶುರುವಾಯಿತು, ದಾಂಡೇಲಿ ಸುತ್ತ ರೆಸಾರ್ಟು, ಹೋಂಸ್ಟೇಗಳು ಎದ್ದವು. ಅಪ್ಪ ಕೋವಿ ಹಿಡಿದು ಹೋಗುತ್ತಿದ್ದ ದಾರಿಯಲ್ಲೇ ಮಗ ಪ್ರವಾಸಿಗರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ಕಾಡಿನ ವಿದ್ಯೆ ಇಬ್ಬರದೂ ಒಂದೇ. ಮುಸಿಯ ಕೂಗಿದರೆ ಎಲ್ಲಿ ನೋಡಬೇಕು, ಕೆಸರಿನ ಗೊರಸು ಈಗಿನದೋ ನಿನ್ನೆಯದೋ, ಎರಡೂ ತಲೆಮಾರಿಗೆ ಗೊತ್ತು. ಜಿಂಕೆಯನ್ನು ಒಮ್ಮೆ ಕೊಂದರೆ ಒಂದೇ ದಿನದ ದುಡ್ಡು, ಬಿಟ್ಟರೆ ದಿನವೂ ದುಡ್ಡು ಎಂಬ ಲೆಕ್ಕ ಯಾರೂ ಹೇಳಿಕೊಡದೆ ಅರ್ಥವಾಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹಗಲಿರುಳು ಲಾರಿ ಓಡುವ ರಸ್ತೆ ಬರಿದಾಯಿತು. ಪತ್ರಿಕೆ ಹಾಕಲು ಹೊರಟವನು ಊರ ಕೊನೆಯ ಮನೆಗಳಾಚೆ, ಕರೆಂಟ್ ಲೈನಿನ ಕೆಳಗಿನ ಹುಲ್ಲಿನಲ್ಲಿ ಚುಕ್ಕೆ ಜಿಂಕೆಗಳ ಹಿಂಡು ಕಂಡೆ. ಕೋಡಿನ ಗಂಡೊಂದು ಮುಂದೆ, ಹೆಣ್ಣುಗಳು, ಮರಿಗಳು. ಓಡಲಿಲ್ಲ. ಒಂದು ಹೆಣ್ಣು ಮುಂಗಾಲಿನಿಂದ ನೆಲ ಬಡಿಯಿತು, ಉಳಿದವು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಆಮೇಲೆ ಸುದ್ದಿ ಹಬ್ಬಿತು. "ಕಾಕಾ, ಲಗೂ ಬರ್ರಿ, ಗ್ರೌಂಡಿನ ಹಿಂದ ಜಿಂಕಿ ನಿಂತಾವ!" ಎಂದು ಹುಡುಗರು ಬಾಗಿಲಿಗೆ ಬಂದು ಕರೆಯುತ್ತಿದ್ದರು. ರಸ್ತೆಗೆ ಲಾರಿಗಳು ಮರಳಿದವು, ಜಿಂಕೆಗಳು ಪೂರ್ತಿ ಹಿಂದೆ ಸರಿಯಲಿಲ್ಲ. ಈಗಲೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಮ್ಮೊಮ್ಮೆ ಕಾಣುತ್ತವೆ.

"ಜಿಂಕಿ ಭಾಳ ಆಗ್ಯಾವ" ಎಂದು ಚಹಾದಂಗಡಿಯಲ್ಲಿ ಮಾತು. ನಾನು ಒಪ್ಪುವುದಿಲ್ಲ. ಚುಕ್ಕೆ ಜಿಂಕೆ ದಟ್ಟ ಮಳೆಕಾಡಿನ ಪ್ರಾಣಿಯಲ್ಲ. ಹಳಿಯಾಳ, ಕುಳಗಿ ಕಡೆಯ ಎಲೆ ಉದುರುವ ಕಾಡು, ನಡುನಡುವೆ ಹುಲ್ಲಿನ ಬಯಲು ಅದಕ್ಕೆ ಇಷ್ಟ. ಕ್ಯಾಸಲ್‌ರಾಕ್ ಕಡೆಯ ಕಪ್ಪು ಕಾಡಿನಲ್ಲಿ ಕಡವೆ, ಕಾಡುಕುರಿ, ಮೊಲದಷ್ಟೇ ಇರುವ ಬರ್ಕ ಹೊಂದಿಕೊಂಡಿವೆ. ರಾಮನಗರ ಈ ಎರಡು ಬಗೆಯ ಕಾಡಿನ ನಡುವೆ ಕುಳಿತಿದೆ. ಕಾಡಿನೊಳಗಿನ ಬಯಲುಗಳನ್ನು ಲಂಟಾನ, ಯುಪಟೋರಿಯಂ ಕಳೆ ಮುಚ್ಚಿದಂತೆ ಎಳೆ ಹುಲ್ಲು ಉಳಿಯುವುದು ಮನುಷ್ಯ ಸವರಿದ ಕಡೆ: ಕರೆಂಟ್ ಲೈನಿನಡಿ, ಹೆದ್ದಾರಿಯ ಅಂಚು, ಶಾಲೆಯ ಮೈದಾನ. ಕಾಡುನಾಯಿಯ ಹಿಂಡು ಊರ ದೀಪದ ಹತ್ತಿರ ಬರಲು ಹಿಂಜರಿಯುತ್ತದೆ, ಜಿಂಕೆಗೆ ಅದೂ ಗೊತ್ತು. ನಮ್ಮ ಕಣ್ಣಿಗೆ ಬೀಳುವ ಹಿಂಡನ್ನು ನೋಡಿ ಕಾಡು ತುಂಬಿದೆ ಎನ್ನುವುದು ದುಡುಕಿನ ಮಾತು. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು, ಹಾಗೆ ತಿಂದೂ ಸಂಖ್ಯೆ ಕುಗ್ಗದಿರಲು ಸುಮಾರು 500 ಇರಬೇಕು ಎಂದು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಲೆಕ್ಕ ಕೊಟ್ಟಿದ್ದಾರೆ. ಆ ಲೆಕ್ಕದ ಮುಂದೆ ಮೈದಾನದ ಹಿಂದಿನ ಒಂದು ಹಿಂಡು ಏನೂ ಅಲ್ಲ.

ಹೆಚ್ಚಾದದ್ದು ಜಿಂಕೆಯೋ ಇಲ್ಲವೋ, ಕಡಿಮೆಯಾದದ್ದು ಅದರ ಹೆದರಿಕೆ. ಗುಂಡಿನ ಸದ್ದು ನಿಂತ ಕಡೆ ಬೆಳೆದ ಮರಿಗಳು ಇವು. ಇದು ನಮ್ಮ ಊರಿನವರ ಗಳಿಕೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಹೆದರಿಕೆ ಕಳೆದ ಪ್ರಾಣಿಗೆ ಊರಿನಲ್ಲಿ ಬೇರೆ ಸಾವುಗಳಿವೆ. ಬೀದಿನಾಯಿಗಳು ಅಟ್ಟಿಸಿಕೊಂಡು ಬಂದ ಹೆಣ್ಣು ಜಿಂಕೆಯೊಂದು ಒಂದು ಮುಂಜಾನೆ ಮನೆಯೊಂದರ ಹಿತ್ತಿಲಿಗೆ ನುಗ್ಗಿತು. ತೊಡೆಯಲ್ಲಿ ಸಣ್ಣ ಗಾಯ, ಅಷ್ಟೇ. ಜನ ನಾಯಿಗಳನ್ನು ಓಡಿಸಿದರು, ಪ್ರೀತಿಯಿಂದಲೇ ಸುತ್ತ ಸೇರಿದರು. ಕಾಲು ಕಟ್ಟಿದರು, ಬಾಯಿಗೆ ನೀರು ಬಿಟ್ಟರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಫೋಟೋ ತೆಗೆದರು. ಅರಣ್ಯದವರು ಬಂದು ಒಯ್ದಾಗ ಉಸಿರಾಡುತ್ತಿತ್ತು, ಮಧ್ಯಾಹ್ನ ಸತ್ತಿತು. ಪಶುವೈದ್ಯರು ವಿವರಿಸಿದ ಮೇಲೆ ತಿಳಿಯಿತು: ಓಟ ಮತ್ತು ಹೆದರಿಕೆ ಎರಡೂ ಮಿತಿ ಮೀರಿದರೆ ಜಿಂಕೆಯ ಸ್ನಾಯುಗಳು ಒಳಗೇ ಹಾಳಾಗುತ್ತವೆ, ಅದರ ವಿಷ ರಕ್ತಕ್ಕೆ ಇಳಿದು ಮೂತ್ರಪಿಂಡ, ಹೃದಯ ಕೈಕೊಡುತ್ತವೆ. ಮೇಲೆ ಗಾಯವೇ ಕಾಣದ ಜಿಂಕೆಯೂ ಕೆಲವು ತಾಸು ಬಿಟ್ಟು, ಕೆಲವೊಮ್ಮೆ ಕೆಲವು ದಿನ ಬಿಟ್ಟು ಸಾಯುತ್ತದೆ. ಅಂದು ನಾಯಿಗಳು ಅರ್ಧ ಕೊಂದಿದ್ದವು, ಉಳಿದರ್ಧ ಆ ಗುಂಪಿನ ಗದ್ದಲದ್ದು.

ಇನ್ನು ರಸ್ತೆ, ಹಳಿ. ತಿನೈಘಾಟ್, ಕ್ಯಾಸಲ್‌ರಾಕ್ ನಡುವೆ ರೈಲಿಗೆ ಸಿಕ್ಕಿ ಸತ್ತ ಕಾಡುಕೋಣಗಳ ಸುದ್ದಿ ನಾನೇ ಬರೆದಿದ್ದೇನೆ. ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಂವರೆಗೆ ಜೋಡಿ ಹಳಿ ಹಾಕಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ರಸ್ತೆಯ ವೇಗಕ್ಕೆ ಮಾತ್ರ ಕೋರ್ಟಿಗೆ ಹೋಗಬೇಕಿಲ್ಲ, ಅದು ಚಾಲಕನ ಕಾಲಿನಲ್ಲೇ ಇದೆ.

ಈ ದಾರಿಯಲ್ಲಿ ಬರುವವರಲ್ಲಿ ನನ್ನ ಕೋರಿಕೆ ಇಷ್ಟು. ಸಂಜೆಯಿಂದ ನಸುಕಿನವರೆಗೆ ರಾಮನಗರ, ಅನಮೋಡ ನಡುವೆ ನಿಧಾನಕ್ಕೆ ಹೋಗಿ. ಒಂದು ಜಿಂಕೆ ದಾಟಿದರೆ ಗಾಡಿ ನಿಲ್ಲಿಸಿಕೊಳ್ಳಿ, ಹಿಂದೆ ಇನ್ನೂ ಇರುತ್ತವೆ. ಬಿಸ್ಕೀಟು, ಬಾಳೆಹಣ್ಣು ಎಸೆಯಬೇಡಿ. ಊರಿನವರು ನಾಯಿಗಳನ್ನು ರಾತ್ರಿ ಕಟ್ಟಿಹಾಕಿ. ಗಾಯಗೊಂಡ ಜಿಂಕೆ ಸಿಕ್ಕರೆ ಗುಂಪು ಚದುರಿಸಿ, ಕಣ್ಣಿನ ಮೇಲೆ ಕಪ್ಪು ಬಟ್ಟೆ ಹಾಕಿ, ನೀರು ಕುಡಿಸಲು ಹೋಗದೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಫೋಟೋ ಬೇಡ.