ಬಟನ್ನು ಉಳಿದ ಟೈರು

ಯಾವ ಸರಕಿನಲ್ಲೇ ಆಗಲಿ, ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚು ವಿಷಯ ತಿಳಿದಿರುತ್ತದೆ. ಬೆಲ್ಲದ ಅಚ್ಚನ್ನು ಒಡೆದು ನೋಡಬಹುದು, ಕಾಯನ್ನು ಕುಲುಕಿ ಕೇಳಬಹುದು, ರಾಗಿಯನ್ನು ಅಂಗೈಯಲ್ಲಿ ಹರಡಿ ಊದಬಹುದು. ಇಷ್ಟರ ಮಟ್ಟಿಗೆ ಕೊಳ್ಳುವವನ ಕೈಯಲ್ಲೂ ಒಂದು ಪರೀಕ್ಷೆ ಇರುತ್ತದೆ. ಹಳೆಯ ಕಾರಿನ ವ್ಯಾಪಾರದಲ್ಲಿ ಈ ಪರೀಕ್ಷೆ ಬಹುಮಟ್ಟಿಗೆ ಬಣ್ಣಕ್ಕೂ ಎಂಜಿನ್ನಿನ ಸದ್ದಿಗೂ ಸೀಮಿತವಾದುದು. ನೆಲವನ್ನು ಮುಟ್ಟುವ ಏಕೈಕ ಅಂಗವಾದ ಟೈರನ್ನು ಎಲ್ಲರೂ ನೋಡುತ್ತಾರೆ, ಕಾಲಿನಿಂದ ಒದ್ದು ನೋಡುವವರೂ ಉಂಟು, ಓದುವವರು ವಿರಳ. ಟೈರನ್ನು ಓದಲು ಬರುತ್ತದೆ ಎಂಬುದೇ ಅನೇಕರಿಗೆ ತಿಳಿಯದು.

1891ರವರೆಗೆ ಅತ್ತಿಕುಪ್ಪೆಯೆಂದು ಕರೆಯಲ್ಪಡುತ್ತಿದ್ದ ಕೃಷ್ಣರಾಜಪೇಟೆಯಲ್ಲಿ ಒಂದು ಕಾಲಕ್ಕೆ ಕಾರುಳ್ಳ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ದೇಶದ ಇತರ ಊರುಗಳಂತೆ ಇಲ್ಲಿಯೂ ಮಾತು ಬದಲಾಯಿತು. 2006ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಮೀಟರಿಗಿಂತ ಉದ್ದವಿಲ್ಲದ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದ್ದು ಇನ್ನೊಂದು ಮೆಟ್ಟಿಲು. ತೀರ ಈಚೆಗೆ, 2025ರ ಸೆಪ್ಟೆಂಬರ್ 22ರಿಂದ, ಚಿಕ್ಕ ಕಾರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಟೈರಿನದೂ ಹಾಗೆಯೇ ಇಳಿಯಿತು. ಆ ಇಳಿಕೆಯೇ ಇಲ್ಲಿ ಹೇಳಹೊರಟ ವ್ಯವಹಾರಕ್ಕೆ ಕಾರಣ.

ಪೇಟೆಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು 2013ರಲ್ಲಿ ಕೊಂಡ ಆಲ್ಟೊ 800 ಕಾರನ್ನು ಮಾರಿ ಹೊಸದನ್ನು ಕೊಳ್ಳಲು ನಿಶ್ಚಯಿಸಿದರು. ಗಣಿತದ ಅಧ್ಯಾಪಕರಾಗಿದ್ದವರು, ಲೆಕ್ಕವಿಲ್ಲದೆ ಹೆಜ್ಜೆ ಇಡುವ ಸ್ವಭಾವವಲ್ಲ. ಇವರ ಸಂಜೆಯ ಜೊತೆಗಾರರು ಒಬ್ಬ ಕೊಬ್ಬರಿ ವ್ಯಾಪಾರಿ. ತಿಪಟೂರಿನ ಮಾರುಕಟ್ಟೆಗೆ ಹೋಗಿ ಬರಲು ಸ್ವಿಫ್ಟ್ ಕಾರನ್ನಿಟ್ಟಿದ್ದಾರೆ. ಇಬ್ಬರೂ ಒಂದು ವಾರ ಕಾಲ ಕಾರುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿದರು. ಆಲ್ಟೊ ಕೆ10 ಅಗ್ಗ, ಆದರೆ ಅದರ ಎತ್ತರ 1,520 ಮಿಲಿಮೀಟರು. ವ್ಯಾಗನ್ ಆರ್ 1,675 ಮಿಲಿಮೀಟರು ಎತ್ತರವಿದ್ದು ಮಂಡಿನೋವಿನ ಗೃಹಿಣಿಗೆ ಬಗ್ಗದೆ ಕೂರಲು ಅನುಕೂಲ. ಟಿಯಾಗೋ ಕಾರು 2020ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆದಿತ್ತು. 2023ರಲ್ಲಿ ಆಲ್ಟೊ ಕೆ10 ಎರಡನ್ನೂ ವ್ಯಾಗನ್ ಆರ್ ಒಂದನ್ನೂ ಪಡೆದವು. ಆ ಎರಡು ಕಾರುಗಳಿಗೂ 2025ರಲ್ಲಿ ಆರು ಏರ್‌ಬ್ಯಾಗುಗಳು ಬಂದವೆಂಬುದನ್ನೂ ಲೆಕ್ಕಕ್ಕೆ ಹಿಡಿದರು. ಕೊನೆಗೆ ಮಂಡಿನೋವೇ ಗೆದ್ದಿತು. ಕಾರಿನ ಆಯ್ಕೆಯಲ್ಲಿ ಇದು ಅಪರೂಪವೇನಲ್ಲ.

ಇದೇ ಸಂದರ್ಭದಲ್ಲಿ ವ್ಯಾಪಾರಿಗಳ ಸ್ವಿಫ್ಟ್ ಕಾರಿಗೂ ಟೈರು ಬದಲಿಸುವ ಕಾಲ ಬಂದಿತ್ತು. ಅವರ ಗಾಡಿಯಲ್ಲಿ ಇದ್ದುದು 165/80 ಆರ್ 14. ಅವರ ಮನಸ್ಸು ಹರಿದುದು ಅದೇ ಕಾರಿನ ದುಬಾರಿ ಮಾದರಿಯಲ್ಲಿ ಬರುವ 185/65 ಆರ್ 15ರ ಕಡೆಗೆ. ಮೇಷ್ಟರು ಕಾಗದ ತೆಗೆದರು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ ಬೆರೆಸಿದ ಈ ಪದ್ಧತಿಯನ್ನು ತಮ್ಮ ವಿದ್ಯಾರ್ಥಿ ಬರೆದಿದ್ದರೆ ಅಂಕ ಕೊಡುತ್ತಿರಲಿಲ್ಲವೆಂದು ಮೇಷ್ಟರು ನಕ್ಕರು. ಲೆಕ್ಕ ಹಾಕಿದಾಗ ಮೊದಲನೆಯ ಚಕ್ರದ ಒಟ್ಟು ವ್ಯಾಸ 619.6 ಮಿಲಿಮೀಟರು, ಎರಡನೆಯದರದು 621.5. ಎರಡು ಮಿಲಿಮೀಟರೂ ವ್ಯತ್ಯಾಸವಿಲ್ಲ. ಆದ್ದರಿಂದ ಮೀಟರು ತೋರಿಸುವ ವೇಗ ತಪ್ಪುವುದಿಲ್ಲ. ಹಾಗಾದರೆ ಲಾಭವೇನು? ಅಗಲದ ಟೈರಿಗೆ ಹಿಡಿತ ಸ್ವಲ್ಪ ಹೆಚ್ಚು. ಪ್ರತಿಯಾಗಿ ನಾಲ್ಕು ಹೊಸ ರಿಮ್ಮುಗಳ ಖರ್ಚು, ಮೈಲೇಜಿನಲ್ಲಿ ಕೊಂಚ ಇಳಿಕೆ, ಗೋಡೆ ಗಿಡ್ಡವಾದುದರಿಂದ ಹಳ್ಳಕ್ಕೆ ಬಿದ್ದಾಗ ರಿಮ್ಮಿಗೇ ಪೆಟ್ಟು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಅಂಚು ಮುರಿದ ರಸ್ತೆಗಳ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ವ್ಯಾಪಾರಿಗಳು ಹದಿನಾಲ್ಕಕ್ಕೇ ಒಪ್ಪಿದರು.

ಹೀಗೆ ಪರರ ಟೈರನ್ನು ಓದಿಕೊಟ್ಟ ಮೇಷ್ಟರು ತಮ್ಮ ಹಳೆಯ ಕಾರಿನ ಬಳಿ ಬಂದು ಕುಳಿತು ನೋಡಿದಾಗ ಕಂಡುದು ಬೇರೆ. ಟೈರಿನ ಗೋಡೆಯ ಮೇಲೆ ಚಿಕ್ಕ ಚೌಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ಇಸವಿ. ಅಲ್ಲಿ 3217 ಎಂದಿತ್ತು, ಎಂದರೆ 2017ರ ಮೂವತ್ತೆರಡನೆಯ ವಾರ. ಎಂಟು ವರ್ಷ! ಗಾಡಿ ಹೆಚ್ಚು ಓಡಿಲ್ಲವಾದುದರಿಂದ ಬಟನ್ನು ಇನ್ನೂ ಐದು ಮಿಲಿಮೀಟರಿನಷ್ಟು ಆಳವಾಗಿತ್ತು. ನೋಡಿದವರಿಗೆ ಹೊಸದರಂತೆಯೇ. ಆದರೆ ಗೋಡೆಯ ಮೇಲೆ, ಬಟನ್ನುಗಳ ಬುಡದಲ್ಲಿ, ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳು.

ರಬ್ಬರು ಸವೆಯುವುದರಿಂದ ಮಾತ್ರ ಕೆಡುವುದಿಲ್ಲ. ಗಾಳಿಯ ಆಮ್ಲಜನಕ, ಓಜೋನು, ಬಿಸಿಲು, ಶಾಖ ಇವು ನಿಂತಲ್ಲೇ ಅದನ್ನು ಗಡುಸು ಮಾಡುತ್ತವೆ. ಇದನ್ನು ತಡೆಯಲು ತಯಾರಿಸುವಾಗಲೇ ರಬ್ಬರಿನಲ್ಲಿ ಮೇಣ ಮತ್ತಿತರ ದ್ರವ್ಯಗಳನ್ನು ಬೆರೆಸುತ್ತಾರೆ. ಟೈರು ಉರುಳಿ ಬಾಗುತ್ತಿದ್ದಾಗ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ಆದ್ದರಿಂದ ಕಡಿಮೆ ಓಡಿಸಿದ ಗಾಡಿಯ ಟೈರು ಚೆನ್ನಾಗಿರುತ್ತದೆಂಬ ಜನಜನಿತ ನಂಬಿಕೆ ಅರ್ಧ ಮಾತ್ರ ನಿಜ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹೇಗೇ ಇದ್ದರೂ ಹತ್ತು ವರ್ಷಕ್ಕೆ ಬದಲಿಸಬೇಕು ಎಂಬ ಸಲಹೆಯನ್ನು ಹೆಸರಾಂತ ತಯಾರಕರೇ ಕೊಟ್ಟಿದ್ದಾರೆ. ನಿಧಾನದ ಹಳೆಯ ರಸ್ತೆಗಳಲ್ಲಿ ಇಂತಹ ಟೈರು ಬಹುಕಾಲ ದೋಷ ತೋರಿಸದೆ ನಡೆಯಬಹುದು. ಈಗಿನ ಪರಿಸ್ಥಿತಿ ಬೇರೆ. ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನಲ್ಲಿ ಹೆದ್ದಾರಿ ಹತ್ತಿದರೆ, ಅಥವಾ ಮಂಡ್ಯದ ಕಡೆ ಇಳಿದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ದಶಪಥಕ್ಕೆ ಸೇರಿದರೆ, ಗಂಟೆಗೆ ನೂರು ಕಿಲೋಮೀಟರು ಎಲ್ಲರಿಗೂ ಸಹಜವಾಗಿಬಿಟ್ಟಿದೆ. ಭಾರ, ಶಾಖ, ವೇಗ ಮೂರೂ ಸೇರಿದಲ್ಲಿ ಮುಪ್ಪಾದ ಟೈರು ಸಿಡಿಯುವುದು.

ಮೇಷ್ಟರು ಟೈರಿನ ಅಂಗಡಿಗೆ ಹೋಗಿ ವಿಚಾರಿಸಿದರು. ಆ ಅಳತೆಯ ಹೊಸ ಟೈರು ಒಂದಕ್ಕೆ ಮೂರು ಸಾವಿರದ ಆಸುಪಾಸು. ನಾಲ್ಕಕ್ಕೆ ಜೋಡಣೆ, ಅಲೈನ್‌ಮೆಂಟು ಸೇರಿ ಹದಿಮೂರು ಸಾವಿರ. ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಮಾರೋ ಗಾಡಿಗೆ ಹೊಸಾ ಟೈರು ಯಾಕ್ ಹಾಕ್ಸ್ತೀರಾ ಮೇಷ್ಟ್ರೇ? ನೂರು ರೂಪಾಯಿ ಪಾಲಿಶ್ ಹೊಡ್ಸಿ ಸಾಕು. ಕೊಳ್ಳೋನು ಬಟನ್ ನೋಡ್ತಾನೆ, ನಂಬರ್ ಓದ್ತಾನಾ?" ಪಿಂಚಣಿಯಲ್ಲಿ ಬದುಕುವವರಿಗೆ ನೂರಕ್ಕೂ ಹದಿಮೂರು ಸಾವಿರಕ್ಕೂ ನಡುವಿನ ಅಂತರ ಕಡಿಮೆಯೇನಲ್ಲ. ಕೊಬ್ಬರಿ ವ್ಯಾಪಾರಿಗಳು ಪಾಲಿಶನ್ನು ಒಪ್ಪಲಿಲ್ಲ, ಆದರೆ ನಡುವಿನ ಒಂದು ದಾರಿ ತೋರಿಸಿದರು: "ಮುಚ್ಚಬೇಡಿ. ಕೇಳಿದರೆ ನಿಜ ಹೇಳಿ. ಕೇಳದಿದ್ದರೆ ನೀವಾಗಿ ಯಾಕೆ ಎತ್ತಬೇಕು?"

ಈ ನಡುವಿನ ದಾರಿಯಲ್ಲಿಯೇ ವ್ಯಾಪಾರದ ಬಹುಪಾಲು ಪಾಪಗಳು ಸಂಚರಿಸುತ್ತವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕಳ್ಳಮಾಲಿನ ಜೊತೆಯಲ್ಲಿಯೇ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿರುವುದು ಗಮನಾರ್ಹ. ಕೃತಕ ಚಿನ್ನವನ್ನು ಚಿನ್ನವೆಂದು ಕೊಡುವುದನ್ನು ಪೂಜ್ಯಪಾದಾಚಾರ್ಯರು ಇದಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಸವೆದ ಟೈರಿನಲ್ಲಿ ಬಿಸಿ ಅಲಗಿನಿಂದ ಹೊಸ ಗೆರೆ ಕೊರೆದು ಮಾರುವುದು ನಿಸ್ಸಂದೇಹವಾಗಿ ಇದೇ ಜಾತಿಯದು. ಬಿರುಕಿಗೆ ಪಾಲಿಶ್ ಬಳಿಯುವುದೂ ಹೌದು. ಮೌನದ ವಿಷಯ ಇಷ್ಟು ಸುಲಭವಲ್ಲ. ಟೈರು ನಕಲಿಯಲ್ಲ, ಅಳತೆ ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬ ಮಾತಿದೆಯೇ ಹೊರತು ವಯಸ್ಸಿನ ಮಿತಿಯಿಲ್ಲ. ಕಾನೂನಿನ ಕಣ್ಣಿಗೆ ಮೇಷ್ಟರ ಟೈರು ನಿರ್ದೋಷಿ. ಆದರೂ ಬಿರುಕನ್ನು ಬೆರಳಿಟ್ಟು ಮುಟ್ಟಿ ಬಂದವರ ಮೌನವೂ ಏನೂ ಅರಿಯದವರ ಮೌನವೂ ಒಂದೇ ಆಗಲಾರದು. ತನ್ನ ಮಗಳನ್ನು ಆ ಟೈರಿನ ಮೇಲೆ ಬೆಂಗಳೂರಿಗೆ ಕಳುಹಿಸಲು ಒಪ್ಪದವನು ಇನ್ನೊಬ್ಬರ ಮಕ್ಕಳ ವಿಷಯದಲ್ಲಿ "ಅವರು ಕೇಳಲಿಲ್ಲ" ಎನ್ನುವುದು ಯಾವ ನ್ಯಾಯ?

ಕೊಳ್ಳಲು ಬಂದವನು ಕಿಕ್ಕೇರಿಯ ಕಡೆಯ ಯುವಕ. ದಿನಸಿ ಅಂಗಡಿ, ಇಬ್ಬರು ಮಕ್ಕಳು, ತಿಂಗಳಿಗೆರಡು ಬಾರಿ ಬೆಂಗಳೂರಿನ ಪ್ರಯಾಣ. ಒಂದು ಲಕ್ಷ ಅರವತ್ತು ಸಾವಿರಕ್ಕೆ ಮಾತಾಯಿತು. ಆಗ ಮೇಷ್ಟರು ತಾವಾಗಿಯೇ ಅಂಕಿಗಳನ್ನು ತೋರಿಸಿ, ಟೈರಿನ ಬಾಬ್ತು ಆರು ಸಾವಿರ ಇಳಿಸುವೆನೆಂದರು. ಯುವಕನಿಗೆ ಸಂತೋಷವಾಯಿತು. ಸಂತೋಷವೇ ತೊಡಕಾಯಿತು. "ಸರಿ ಸಾರ್, ಯುಗಾದಿ ಗಂಟ ಇದರಲ್ಲೇ ಓಡಿಸ್ಕತೀನಿ, ಬಟನ್ ಚೆನ್ನಾಗವೆ" ಎಂದ.

ಇಲ್ಲಿಗೆ ಮಾರುವವರ ಕರ್ತವ್ಯ ಮುಗಿಯಿತೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಅವರ ವಾದ ಹಗುರವಾದುದಲ್ಲ. ವಿಷಯ ಹೇಳಿದ್ದಾಯಿತು, ಬೆಲೆ ಇಳಿಸಿದ್ದಾಯಿತು, ಪ್ರಾಯಸ್ಥನು ತಿಳಿದು ಒಪ್ಪಿದ. ಮೇಷ್ಟರಿಗೆ ಸಮಾಧಾನವಾಗಲಿಲ್ಲ. ಆರು ಸಾವಿರ ಇಳಿಸಿದುದರಿಂದ ತಮ್ಮ ಮನಸ್ಸು ಹಗುರವಾಯಿತೇ ಹೊರತು ಟೈರಿನ ವಯಸ್ಸು ಒಂದು ವಾರವೂ ಇಳಿಯಲಿಲ್ಲ ಎಂದು ಅವರು ವ್ಯಾಪಾರಿಗಳೊಡನೆ ಹೇಳಿದರಂತೆ. ಮರುದಿನ ಕರೆಸಿ, ಹೊಸ ಟೈರು ಹಾಕಿಸಿಯೇ ಗಾಡಿ ಕೊಡುವುದು, ಇಲ್ಲವಾದರೆ ವ್ಯಾಪಾರವಿಲ್ಲ ಎಂದರು. ಯುವಕ ಸಿಡುಕಿದ: "ಮಾರೋರು ನೀವು, ಓಡ್ಸೋನು ನಾನು. ನನ್ನ ದುಡ್ಡಲ್ಲಿ ನನಗೆ ಪಾಠ ಯಾಕೆ ಸಾರ್?" ಅವನ ಮಾತಿನಲ್ಲೂ ನ್ಯಾಯವಿತ್ತು. ಅಧ್ಯಾಪಕರಾಗಿದ್ದವರಿಗೆ ಈ ದೋಷ ಅಂಟಿಕೊಳ್ಳುವುದು ಸಹಜ.

ವಿಷಯವನ್ನು ಬಗೆಹರಿಸಿದವಳು ಜೊತೆಗೆ ಬಂದಿದ್ದ ಅವನ ಹೆಂಡತಿ. ಅವಳು ಟೈರಿನ ಬಳಿ ಕುಳಿತು ಬಿರುಕಿನಲ್ಲಿ ಉಗುರು ಇಟ್ಟು ನೋಡಿ, ಎದ್ದು, "ದೊಡ್ಡ ಮಗುವಿಗಿಂತ ಹಳೇದಲ್ವಾ ಇದು?" ಎಂದು ಗಂಡನನ್ನು ಕೇಳಿದಳು. ಅರ್ಧ ಖರ್ಚು ಅವರದು, ಅರ್ಧ ಮೇಷ್ಟರದು ಎಂದು ತೀರ್ಮಾನವಾಯಿತು.

ಎರಡೇ ಹಾಕಿಸಿದರೆ ಸಾಲದೇ ಎಂಬ ಪ್ರಶ್ನೆಯೂ ಬಂತು. ಸವಕಳಿಯ ಮಾತಾಗಿದ್ದರೆ ಸಾಕಾಗುತ್ತಿತ್ತು. ಹಾಗೆ ಎರಡೇ ಕೊಳ್ಳುವಾಗ ಎಂಜಿನ್ನು ಮುಂದಿನ ಚಕ್ರವನ್ನು ಎಳೆಯುವ ಕಾರಿನಲ್ಲಿಯೂ ಹೊಸ ಜೋಡಿಯನ್ನು ಹಿಂದಕ್ಕೇ ಹಾಕಬೇಕೆಂಬುದನ್ನು ವಾಚಕರು ನೆನಪಿಡುವುದು ಲೇಸು. ಒದ್ದೆ ರಸ್ತೆಯಲ್ಲಿ ಹಿಂದಿನ ಹಿಡಿತ ತಪ್ಪಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಸಾಮಾನ್ಯ ಚಾಲಕನಿಗೆ ಅದು ಕೈಗೆ ಸಿಕ್ಕುವುದಿಲ್ಲ. ಇಲ್ಲಿ ನಾಲ್ಕೂ ಒಂದೇ ವಯಸ್ಸಿನವಾದುದರಿಂದ ನಾಲ್ಕೂ ಹೋಗಬೇಕಾಯಿತು. ಅಂಗಡಿಯವನು ಮೊದಲು ತಂದವು 2023ರ ಆರಂಭದವು. ಹೊಸ ಟೈರಿಗೂ ಹುಟ್ಟಿದ ದಿನವಿದೆ ಎಂದು ಮೇಷ್ಟರು ಅವನ್ನು ಹಿಂತಿರುಗಿಸಿದರು. ಮಾರನೆಯ ದಿನ ಮೈಸೂರಿನಿಂದ ಬೇರೆ ಬಂದವು. ಐಎಸ್‌ಐ ಗುರುತು, ಭಾರದ ಅಂಕಿ 74, ಎಂದರೆ ಟೈರೊಂದಕ್ಕೆ 375 ಕಿಲೋ. ಸ್ವತಃ ಸುಮಾರು 700 ಕಿಲೋ ತೂಗುವ ಗಾಡಿಗೆ ಇದು ಧಾರಾಳ, ದಿನಸಿ ಮೂಟೆಗಳನ್ನು ಮಿತಿಯಲ್ಲಿ ತುಂಬಿದರೆ.

ಸ್ಟೆಪ್ನಿಯನ್ನು ತೆಗೆದಾಗ ಎಲ್ಲರೂ ಬೆರಗಾದರು. ಒಮ್ಮೆಯೂ ನೆಲ ಮುಟ್ಟದ ಟೈರು, ಹೊಸದರ ಕೂದಲುಗಳೂ ಉದುರಿರಲಿಲ್ಲ. ಇಸವಿ ಮಾತ್ರ 2013. ಯುವಕ ಅದನ್ನೇ ಮುಂದಕ್ಕೆ ಹಾಕಿಸಿದರೆ ಒಂದು ಟೈರು ಉಳಿಯುವುದೆಂದು ಆಸೆಪಟ್ಟ, ಹೆಂಡತಿ ನಕ್ಕಳು. 2017ರವುಗಳಲ್ಲಿ ಬಿರುಕು ಕಡಿಮೆಯಿದ್ದ ಒಂದನ್ನು ಆರಿಸಿ, ಪಂಕ್ಚರ್ ಅಂಗಡಿಯ ತನಕ ನಿಧಾನವಾಗಿ ಹೋಗುವುದಕ್ಕೆ ಮಾತ್ರವೆಂದು ಹೇಳಿ ಸ್ಟೆಪ್ನಿಯಾಗಿ ಇಟ್ಟರು.

ಉಳಿದವು ನಾಲ್ಕು ಹಳೆಯ ಟೈರುಗಳು. ಅಂಗಡಿಯ ಮೂಲೆಗೆ ಹೋದ ಇಂತಹ ಟೈರುಗಳು ಪಾಲಿಶ್ ಬಳಿಸಿಕೊಂಡು ಇನ್ನೊಂದು ಗಾಡಿ ಸೇರುತ್ತವೆ, ಇಲ್ಲವೇ ಯಾವುದಾದರೂ ಆಲೆಮನೆಯ ಒಲೆಗೆ ಬಿದ್ದು ಕಪ್ಪು ಹೊಗೆಯಾಗುತ್ತವೆ. 2022ರಿಂದ ನಿರುಪಯುಕ್ತ ಟೈರುಗಳ ಮರುಬಳಕೆಯ ಹೊಣೆಯನ್ನು ಕೇಂದ್ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಚಿಕ್ಕ ಪೇಟೆಯ ಗುಜರಿಯವನಿಂದ ಅವರವರೆಗಿನ ದಾರಿ ಉದ್ದವಾದುದು. ಮೇಷ್ಟರು ನಾಲ್ಕರ ಗೋಡೆಗಳನ್ನೂ ತಮ್ಮೆದುರಿಗೇ ಕೊಯ್ಯಬೇಕೆಂದರು. ಒಂದಕ್ಕೆ ಇನ್ನೂರು ಸಿಕ್ಕುತ್ತಿತ್ತೆಂದು ಅಂಗಡಿಯವನು ಗೊಣಗಿ, ಎಂಟುನೂರು ರೂಪಾಯಿಯನ್ನು ಬಿಲ್ಲಿಗೆ ಸೇರಿಸಿದ. ಮೇಷ್ಟರು ಚೌಕಾಸಿ ಮಾಡದೆ ಅದನ್ನು ತಮ್ಮ ಪಾಲಿಗೆ ಬರೆದುಕೊಂಡರು. ಹುಡುಗನೊಬ್ಬ ಅಲಗು ತಂದು ಕೊಯ್ಯುತ್ತಿದ್ದಂತೆ, ಅತ್ತ ಯುವಕನ ಹೆಂಡತಿ ಇನ್ಶೂರೆನ್ಸ್ ಕಾಗದದ ಹಿಂಬದಿಯಲ್ಲಿ ಹೊಸ ಟೈರುಗಳ ಅಂಕಿಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದಳು.