ಪಿಕಪ್‌ನ ಹಿಂದಿನ ಡಿಫರೆನ್ಷಿಯಲ್ ಸದ್ದು: ಬಿಚ್ಚೋ ಮೊದಲು ಕಿವಿಗೊಟ್ಟು ಕೇಳಿ

ಟೊಮೆಟೊ ಕೀಳೋ ಹೊತ್ತಲ್ಲಿ ನಿಮ್ಮ ಪಿಕಪ್ ಯಾಕೆ ಎರಡು ದಿನ ನಿಂತಿತ್ತು ಅಂತ ಮೂರ್ನಾಲ್ಕು ಜನ ಕೇಳಿದ್ರಿ. ನಮ್ಮ ಕಡೆ ಮನೆಗೊಂದು ಪಿಕಪ್ ಇರೋದ್ರಿಂದ ವಿವರವಾಗೇ ಬರೀತೀನಿ.

ಹಿಂದಿನ ಆಕ್ಸಲ್ ಮಧ್ಯೆ ಗುಂಡಗೆ ಕಾಣೋದೇ ಡಿಫರೆನ್ಷಿಯಲ್. ಒಳಗೆ ಪಿನಿಯನ್ ಅನ್ನೋ ಚಿಕ್ಕ ಹಲ್ಲುಚಕ್ರ, ಕ್ರೌನ್ ಅನ್ನೋ ದೊಡ್ಡದನ್ನ ತಿರುಗಿಸುತ್ತೆ. ಟೈರು ಒಂದು ಸುತ್ತು ಬರೋಕೆ ಪಿನಿಯನ್ ಹೆಚ್ಚುಕಮ್ಮಿ ನಾಲ್ಕು ಸುತ್ತು ಬರ್ಬೇಕು. 15 ಕೆ.ಜಿ.ಯ ನೂರು ಬಾಕ್ಸ್ ಹೇರಿದ್ರೆ ಒಂದೂವರೆ ಟನ್, ಅಷ್ಟನ್ನೂ ಎಳೆಯೋದು ಆ ಕೆಲವೇ ಹಲ್ಲಿನ ಹಿಡಿತದ ಮೇಲೆ.

ನನ್ನ ಗಾಡಿ ನಲವತ್ತು ದಾಟಿದ್ರೆ ಗೊರ್ ಅಂತಿತ್ತು. ಗ್ಯಾರೇಜಲ್ಲಿ ಒಂದು ರೌಂಡ್ ಓಡಿಸಿ, "ಕ್ರೌನ್-ಪಿನಿಯನ್ ಹೋಗಿದೆ ಅಣ್ಣ, ಪೂರ್ತಿ ಸೆಟ್ ಹಾಕ್ಬೇಕು" ಅಂದ್ರು. ಸೆಟ್ ಅಂದ್ರೆ ಎರಡು ವಾರದ ಟೊಮೆಟೊ ದುಡ್ಡು. ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಬಿಚ್ಚೋಣ ಅಂದೆ.

ಸದ್ದು ಹೀಗೆ ನೋಡ್ಬೇಕು:

ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಇಲ್ಲಾ ಬಿಟ್ಟಾಗ ಮಾತ್ರ ಗುಂಯ್ ಅಂದ್ರೆ ಹಲ್ಲಿನ ಕೂಡಿಕೆ ಮೇಲೆ ಅನುಮಾನ.
ಒತ್ತಿದ್ರೂ ಬಿಟ್ರೂ ಒಂದೇ ಸಮ ಗೊರಗೊರ ಅಂದ್ರೆ ಹೆಚ್ಚಾಗಿ ಬೇರಿಂಗ್.
ತಿರುವಿನಲ್ಲಿ ಮಾತ್ರ ಬಂದ್ರೆ ಒಳಗಿನ ಚಿಕ್ಕ ಗೇರುಗಳು, ಇಲ್ಲಾ ಚಕ್ರದ ಬೇರಿಂಗ್.
ಗೇರ್ ಹಾಕಿದಾಗ ಕಟಕ್ ಅಂದ್ರೆ ಮೊದಲು ಶಾಫ್ಟಿನ ಕ್ರಾಸ್ ಅಲ್ಲಾಡಿಸಿ ನೋಡಿ.
ಟಾರ್ ರಸ್ತೆಗೂ ಮಣ್ಣಿನ ರಸ್ತೆಗೂ ಸದ್ದು ಬದಲಾದ್ರೆ ಅದು ಟೈರಿನದ್ದು.

ನಮ್ಮದು ಒಂದೇ ಸಮ ಬರ್ತಿತ್ತು. ಆಯಿಲ್ ಇಳಿಸಿ ಬಿಳಿ ಬಟ್ಟೇಲಿ ಸೋಸಿದ್ವಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸ್ವಲ್ಪ ಇದ್ರೆ ಹೆದರೋದು ಬೇಡ, ಅದು ಸವೆತ. ನಮಗೆ ಸಿಕ್ಕಿದ್ದು ಮೀನಿನ ಪೊರೆಯಂಥ ಚೂರು. ಆಯಿಲ್ಲೂ ಅರ್ಧಕ್ಕಿಂತ ಕಮ್ಮಿ. ಬಿಚ್ಚಿದ್ರೆ ಹಲ್ಲು ಸ್ವಚ್ಛ, ಪಿನಿಯನ್ ಬೇರಿಂಗ್ ಮಾತ್ರ ಗುಳಿ ಬಿದ್ದಿತ್ತು.

ಕಾರಣ ಆಕ್ಸಲ್ ಮೇಲಿನ ಬ್ರೀದರ್. ಬೆರಳುದ್ದವೂ ಇಲ್ಲ, ಕೆಸರು ಮೆತ್ತಿ ಕಟ್ಟಿಕೊಂಡಿತ್ತು. ಓಡಿ ಓಡಿ ಒಳಗೆ ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಪಿನಿಯನ್ ಸೀಲಿನಿಂದ ಆಯಿಲ್ ಹೊರಗೆ ತಳ್ಳಿದೆ. ಆಯಿಲ್ ಇಳೀತು, ಬೇರಿಂಗ್ ತಿಂತು. ಇನ್ನೊಂದಷ್ಟು ದಿನ ಓಡಿಸಿದ್ರೆ ಪಿನಿಯನ್ ಅಲ್ಲಾಡಿ ಹಲ್ಲೇ ಮುರೀತಿತ್ತು. ಲೋಡ್ ಇರುವಾಗ ಹಿಂದಿನ ಚಕ್ರ ಜಾಮ್ ಆದ್ರೆ ಹೋಗೋದು ಟೊಮೆಟೊ ಒಂದೇ ಅಲ್ಲ.

ಜೋಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಪಿನಿಯನ್ ನಟ್ಟಿನ ಹಿಂದೆ ಅಮುಕಿ ಕೂರೋ ಸ್ಲೀವ್ ಇರೋ ಗಾಡಿಯಾದ್ರೆ ಪ್ರತಿಸಲ ಹೊಸದೇ ಹಾಕ್ಬೇಕು. ಬಿಗಿ ಜಾಸ್ತಿ ಆಯ್ತು ಅಂತ ನಟ್ ಸಡಿಲಿಸಿ ಬಿಡೋ ಹಾಗಿಲ್ಲ, ಮತ್ತೆ ಹೊಸ ಸ್ಲೀವೇ. ಕ್ರೌನ್-ಪಿನಿಯನ್ ನಡುವಿನ ಪ್ಲೇ ಕೈ ಅಂದಾಜಲ್ಲಿ ಬೇಡ, ಡಯಲ್ ಗೇಜ್ ಹಚ್ಚಿ ಕಂಪನಿ ಹೇಳಿದ ಅಳತೆಗೆ ತರಿಸಿ. ಅದು ಒಂದು ಮಿಲಿಮೀಟರಿನ ಕಾಲುಭಾಗಕ್ಕಿಂತಲೂ ಕಮ್ಮಿ ಇರುತ್ತೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದ್ರೆ ಗುರುತು ಹಲ್ಲಿನ ನಡುವೆ ಬೀಳ್ಬೇಕು, ಅಂಚಿಗೆ ಬಿದ್ರೆ ಮತ್ತೆ ಕೂಗುತ್ತೆ. ಸೆಟ್ಟೇ ಹಾಕೋದಾದ್ರೆ ಎರಡನ್ನೂ ಜೋಡಿಯಾಗೇ ಹಾಕಿ, ಒಂದು ಹಳೇದು ಒಂದು ಹೊಸದು ಕೂಡಲ್ಲ.

ಆಯಿಲ್ ಡಬ್ಬದ ಮೇಲೆ ಜಿಎಲ್-5 ಅಂತ ಇದೆಯಾ ನೋಡಿ. ಈ ಹಲ್ಲು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗೋದ್ರಿಂದ ಬರೀ ಗೇರ್ ಆಯಿಲ್ ಅಂದ್ರೆ ಸಾಲದು.

ಬೇರಿಂಗ್, ಸೀಲ್, ಸ್ಲೀವ್, ಆಯಿಲ್, ಕೂಲಿ ಎಲ್ಲಾ ಸೇರಿ ಸೆಟ್ಟಿನ ಅರ್ಧ ದುಡ್ಡೂ ಆಗ್ಲಿಲ್ಲ. ಈಗ ಲೋಡ್ ಹಾಕ್ಕೊಂಡು ಹರಾಜಿನ ಹೊತ್ತಿಗೆ ಮಂಡಿ ಸೇರ್ತಿದ್ದೀನಿ. ನಾಳೆ ಗಾಡಿ ತೊಳೆಯುವಾಗ ಆ ಬ್ರೀದರ್ ಮೇಲೆ ಒಂದು ಸಲ ಬೆರಳಾಡಿಸಿ. ನಿಮ್ಮ ಗಾಡಿ ಬೇರೆ ಥರ ಸದ್ದು ಮಾಡ್ತಿದ್ರೆ ಯಾವಾಗ, ಎಷ್ಟು ಸ್ಪೀಡಲ್ಲಿ ಅಂತ ಕೆಳಗೆ ಬರೀರಿ, ಗೊತ್ತಿರೋರು ಹೇಳ್ತಾರೆ.